ಗುರುಸಿದ್ದಮ್ಮನ ಬಿಲ್ವದ ಬಳ್ಳಿ

ಚನ್ನರಾಯಪಟ್ಟಣದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗುರುಸಿದ್ದಮ್ಮನ ಕಂಪ್ಯೂಟರ್ ಎಂಬ್ರಾಯ್ಡರಿ ಅಂಗಡಿ ಇದೆ. ಹಿರೀಸಾವೆಯಿಂದ ಶ್ರವಣಬೆಳಗೊಳದವರೆಗೆ ಮದುಮಗಳ ರವಿಕೆ ಅಂದರೆ ಜನ ಅಲ್ಲಿಗೇ ಬರುವುದು. ಆಕೆ ಬಟರ್ ಪೇಪರಿನ ಮೇಲೆ ಪೆನ್ಸಿಲ್ಲಿನಲ್ಲಿ ಬರೆದು, ಅದನ್ನು ಕಂಪ್ಯೂಟರಿಗೆ ಏರಿಸಿ, ಒಂದೊಂದು ಹೊಲಿಗೆ ಎಲ್ಲಿ ಬೀಳಬೇಕೆಂದು ಕೂತು ತೋರಿಸಿ, ಆಮೇಲೆ ಪೆನ್ ಡ್ರೈವಿನಲ್ಲಿ ಮೆಷಿನ್ನಿಗೆ ಕೊಡುತ್ತಾಳೆ.

ಹಾಗೆ ಆಕೆ ಬರೆದ ವಿನ್ಯಾಸಗಳಲ್ಲಿ ಒಂದು ಬಿಲ್ವದ ಬಳ್ಳಿ. ಬಿಲ್ವ ಮರವೇ ಇರಬಹುದು, ಗುರುಸಿದ್ದಮ್ಮನ ಕೈಯಲ್ಲಿ ಅದು ಬಳ್ಳಿಯಾಗಿತ್ತು. ಮೂರು ಮೂರು ಎಲೆ, ನಡುನಡುವೆ ಬಿಳಿ ತುಂಬೆ ಹೂ. ಆಕೆಯ ತವರಿನ ಹೆಣ್ಣುಮಕ್ಕಳೆಲ್ಲ ಧಾರೆಗೆ ತೊಟ್ಟದ್ದು ಆ ಬಳ್ಳಿಯ ರವಿಕೆಯನ್ನೇ. ಈಗ ಅಣ್ಣನ ಮಗಳು ಮಾನಸಾಳ ಸರದಿ.

ಹಿಂದೊಮ್ಮೆ ಗುರುಸಿದ್ದಮ್ಮನ ಮೆಷಿನ್ ಕೆಟ್ಟಿತ್ತು. ಎದುರಂಗಡಿ ರೇವಮ್ಮನ ಮೆಷಿನ್ನಿನಲ್ಲಿ ಬಳ್ಳಿ ಹೊಲಿಸಿಕೊಂಡಳು. ರೇವಮ್ಮ ಸದ್ದಿಲ್ಲದೆ ಆ ಫೈಲಿನ ಒಂದು ನಕಲು ಇಟ್ಟುಕೊಂಡಳು. ಮುಂದಿನ ಲಗ್ನದ ಕಾಲಕ್ಕೆ ಬಿಲ್ವದ ಬಳ್ಳಿ ಪೇಟೆಯಲ್ಲೆಲ್ಲ ಹಬ್ಬಿತು. ಇಬ್ಬರೂ ಬೀದಿಯಲ್ಲಿ ನಿಂತು ಬಾಯಿಗೆ ಬಂದಂತೆ ಬೈದಾಡಿಕೊಂಡು ಮಾತು ಬಿಟ್ಟರು. ಅಂದಿನಿಂದ ಗುರುಸಿದ್ದಮ್ಮ ಹೊಲಿಗೆ ಮುಗಿದ ಕೂಡಲೇ ಪೆನ್ ಡ್ರೈವ್ ಅಳಿಸಿಬಿಡುತ್ತಿದ್ದಳು. ಹೀಗೆ ಒಬ್ಬರಿಂದೊಬ್ಬರು ಬಚ್ಚಿಡುವುದು ಆ ಬೀದಿಯ ಅಂಗಡಿಯವರಿಗೆಲ್ಲ ಚಾಳಿ. ಮೂಲಪ್ರತಿ ಮಾತ್ರ ಆಕೆ ಬಳಸುತ್ತಿದ್ದ ಎಂಬ್ರಾಯ್ಡರಿ ಸಾಫ್ಟ್‌ವೇರಿನ ಕಂಪನಿಯ ಆನ್‌ಲೈನ್ ಲಾಕರಿನಲ್ಲಿ ಉಳಿಯುತ್ತಿತ್ತು. ಆ ಸಾಫ್ಟ್‌ವೇರ್ ಮಾರಲು ಹಾಸನದಿಂದ ಬಂದಿದ್ದ ಏಜೆಂಟ್ ಶಶಿಕಿರಣ್, "ಅಕ್ಕಾ, ಕಂಪ್ಯೂಟ್ರು ಸುಟ್ಟೋದ್ರೂ ನಿಮ್ ಡಿಸೈನ್ ಅಲ್ಲಿ ಭದ್ರವಾಗಿರ್ತದೆ" ಎಂದಿದ್ದ.

ಮದುವೆ ಹತ್ತಿರ ಬಂತು. ಗುರುಸಿದ್ದಮ್ಮ ಕಂಪ್ಯೂಟರ್ ಹಾಕಿದರೆ ಪರದೆಯ ಮೇಲೆ ಹೊಸ ಮಾತು: ಈ ಆವೃತ್ತಿ ನಿಂತಿದೆ, ಹೊಸದಕ್ಕೆ ಪ್ರತಿ ವರ್ಷ ಚಂದಾ ಕಟ್ಟಿ. ಒಮ್ಮೆ ಕೊಂಡ ವಸ್ತುವಿಗೆ ಮತ್ತೆ ಬಾಡಿಗೆಯೇ? ಹಲ್ಲು ಕಚ್ಚಿಕೊಂಡು ಕಟ್ಟಿದಳು. ಕಟ್ಟಿದ ಮೇಲೆ ಬಂದದ್ದು ಇನ್ನೊಂದು ಮಾತು: ಹಳೆಯ ಆವೃತ್ತಿಯ ವಿನ್ಯಾಸಗಳು ಇಲ್ಲಿ ತೆರೆಯುವುದಿಲ್ಲ.

ಶಶಿಕಿರಣನಿಗೆ ಫೋನು ಮಾಡಿದಳು.

"ಪಾಲಿಸಿ ಬದ್ಲಾಗಿದೆ ಅಕ್ಕಾ. ನೀವೇ ಒಪ್ಗೆ ಅಂತ ಒತ್ತಿದ್ದೀರಲ್ಲ."

"ಆ ಬಳ್ಳಿ ನಾನು ಬರ್ದಿದ್ದು ಕಣಪ್ಪ. ನನ್ ಬಳ್ಳಿ ನಂಗೇ ಕಾಣಬಾರದು ಅಂತ ಯಾವಾಗ ಒಪ್ಕಂಡೆ?"

ಆತ ಮತ್ತೆ ಪಾಲಿಸಿ ಎಂದು ಹೇಳಿ ಫೋನಿಟ್ಟ. ಕೊನೆಮೊದಲಿಲ್ಲದ ಇಂಗ್ಲಿಷ್ ಪುಟಗಳನ್ನು ಮುಂದೆ ಹಿಡಿದು, ಒತ್ತದಿದ್ದರೆ ಕೆಲಸವೇ ನಡೆಯದಂತೆ ಮಾಡಿ, ಒತ್ತಿದ ಮೇಲೆ ನೀನೇ ಒಪ್ಪಿದೆ ಎನ್ನುವುದು ಯಾವ ಸೀಮೆಯ ನ್ಯಾಯ? ಇಷ್ಟು ವರ್ಷ ಗುರುಸಿದ್ದಮ್ಮ ಬೀದಿಯವರಿಗೆಲ್ಲ ಹೆದರಿ ಬಚ್ಚಿಟ್ಟಿದ್ದಳು. ಕೊನೆಗೆ ಬಾಗಿಲು ಹಾಕಿದವನು ಆಕೆ ಮುಖವನ್ನೇ ಕಾಣದ ಯಾವನೋ.

ಮಾನಸಾ ಹಾಸನದ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುವವಳು. ವಿಷಯ ತಿಳಿದು ಬಂದವಳೇ ಕಂಪ್ಯೂಟರಿಗೆ ಬೇರೊಂದು ಎಂಬ್ರಾಯ್ಡರಿ ತಂತ್ರಾಂಶ ಹಾಕಿದಳು. "ಇದುನ್ನ ಊರೂರಿನ ಜನ ಸೇರ್ಕಂಡು ಮಾಡವ್ರೆ ಅತ್ತೆ. ಒಳಗೆ ಏನದೆ ಅಂತ ಯಾರು ಬೇಕಾದ್ರೂ ಬಿಚ್ಚಿ ನೋಡ್ಬೋದು. ಚಂದಾ ಇಲ್ಲ. ನೀವು ಬರ್ದಿದ್ದು ನಿಮ್ಮಲ್ಲೇ ಇರ್ತದೆ, ಯಾರೂ ಬೀಗ ಹಾಕಕ್ಕಾಗಲ್ಲ."

"ಸರಿ ಕಣವ್ವ. ಬಳ್ಳಿ ಎಲ್ಲಿಂದ ತರ್ಲಿ?"

ಹಳೆಯ ರವಿಕೆ ನೋಡಿ ಬರೆದರೆ ಎಲೆಯ ಆಕಾರ ಸಿಗುತ್ತದೆ, ಒಳಗಿನ ಹೊಲಿಗೆಯ ಓಟ ಸಿಗುವುದಿಲ್ಲ. ಅದನ್ನು ಕೂಡಿಸಲು ತಿಂಗಳುಗಟ್ಟಲೆ ಹಿಡಿದಿತ್ತು. ಮಾನಸಾ ಎದುರಂಗಡಿಯತ್ತ ನೋಡಿ, "ರೇವಮ್ಮೋರ ತಾವ ಇರ್ಬೋದು" ಎಂದಳು.

ಗುರುಸಿದ್ದಮ್ಮನ ಮೈಯೆಲ್ಲ ಉರಿದುಹೋಯಿತು. ಆದರೂ ಎದ್ದು ಬೀದಿ ದಾಟಿದಳು.

ರೇವಮ್ಮ ತಲೆ ಎತ್ತದೆ ಕೇಳಿದಳು: "ಕಳ್ಳಿ ಅಂತ ಬೀದೀಲಿ ನಿಂತು ಬೈದ್ಯಲ್ಲ. ಈಗೇನ್ ಬೇಕು?"

"ಆ ಕದ್ದಿದ್ದೇ ಬೇಕು."

ರೇವಮ್ಮ ಮೆಷಿನ್ ನಿಲ್ಲಿಸಿದಳು. ಯಾಕೆಂದು ಕೇಳಿದಳು, ಪೂರ್ತಿ ಕೇಳಿಸಿಕೊಂಡಳು. ತಾನೂ ಅದೇ ಕಂಪನಿಯ ಗಿರಾಕಿ, ತನಗೂ ಇದೇ ಗತಿ ಕಾದಿದೆ ಎಂದು ಗೊತ್ತಾದಾಗ ಆಕೆಯ ಬಾಯಿಂದ ಬಂದ ಬೈಗುಳ ಬರೆಯುವಂಥದ್ದಲ್ಲ. ಹುಡುಕಿ ಪೆನ್ ಡ್ರೈವಿಗೆ ಹಾಕಿಕೊಟ್ಟಳು.

ಕಂಪನಿಯ ಬೀಗವಿಲ್ಲದ, ಮೆಷಿನ್ನಿಗೆಂದು ಮಾಡಿದ್ದ ಆ ಫೈಲು ಹೊಸ ತಂತ್ರಾಂಶದಲ್ಲಿ ತಕರಾರಿಲ್ಲದೆ ತೆರೆಯಿತು. ಎಲೆಯೆಲೆಯಾಗಿ ಕಂಡ ಹೊಲಿಗೆಯ ಮೇಲೆ ಅತ್ತೆ ಸೊಸೆ ಕೂತು ಮಾನಸಾಳ ಅಳತೆಗೆ ತಿದ್ದಿದರು. ಧಾರೆಯ ದಿನ ಅವಳ ತೋಳಿನ ಮೇಲೆ ಬಳ್ಳಿ ಇತ್ತು.

ಮದುವೆ ಕಳೆದ ಮೇಲೆ ಶಶಿಕಿರಣ್ ಫೋನು ಮಾಡಿದ. "ಅಕ್ಕಾ, ಹೊಸ ಲಾಕರ್ ಬಂದದೆ. ಇನ್ಮೇಲೆ ನಿಮ್ ಡಿಸೈನ್ ಯಾರೂ ಕದಿಯಕ್ಕಾಗಲ್ಲ."

"ರೇವಮ್ಮ ಕದ್ದಿದ್ದು ಉಳ್ಕಂತು ಕಣಪ್ಪ. ನೀವು ಕಾಪಾಡಿದ್ದೇ ಓಗಿದ್ದು" ಎಂದು ಗುರುಸಿದ್ದಮ್ಮ ಫೋನಿಟ್ಟಳು.

ಯಾರೂ ಕದಿಯದ ಮಿಕ್ಕ ವಿನ್ಯಾಸಗಳು ಇವತ್ತಿಗೂ ಆಕೆಗೆ ಸಿಕ್ಕಿಲ್ಲ.