ಗುಲಶನ ಬಾಯಾರು ಮತ್ತು ಕೌದಿಯ ಹೊಟ್ಟೆ

ನಾನು ಯಾರನ್ನೂ ಸುಲಭಕ್ಕೆ ಹೊಗಳುವವನಲ್ಲ. ಬಬಲೇಶ್ವರದಲ್ಲಿ ಮೂವತ್ತೆರಡು ವರ್ಷದಿಂದ ಅಂಗಡಿಗಳ ಬೋರ್ಡು ಬರೆಯುತ್ತಿದ್ದೇನೆ. ಪೇಂಟರ್ ಸಂಗನಬಸವನ ಕೈ ಚಂದ, ಬಾಯಿ ಹೊಲಸು ಎಂದು ಊರವರು ನನ್ನ ಎದುರೇ ಹೇಳುತ್ತಾರೆ. ಅಂಥವನು ಕೂತು ಒಬ್ಬ ಹೆಣ್ಣುಮಗಳ ಬಗ್ಗೆ ಇಷ್ಟು ಬರೆಯುತ್ತಿದ್ದೇನೆ ಎಂದರೆ ಆಕೆ ಅದನ್ನು ಗಳಿಸಿಕೊಂಡಿದ್ದಾರೆ ಎಂದೇ ಅರ್ಥ.

ಅವರ ಹೆಸರು ಗುಲಶನ. ಈ ಭಾಗದಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಬಾಯಾರು ಅನ್ನುತ್ತೇವೆ, ಹಾಗಾಗಿ ನಮಗೆಲ್ಲ ಅವರು ಗುಲಶನ ಬಾಯಾರು. ವಿಜಯಪುರದ ಜಲನಗರದಲ್ಲಿ ಮನೆ. ಪ್ರತಿ ಭಾನುವಾರ ಹನ್ನೊಂದು ಗಂಟೆಗೆ ಮಹಡಿಯ ಕೋಣೆಯಲ್ಲಿ ಚಿತ್ರ ಬರೆಯುವವರಿಗೆ, ಹೊಲಿಯುವವರಿಗೆ, ಮೆಹಂದಿ ಹಾಕುವವರಿಗೆ ತಮ್ಮ ಕಲೆಯನ್ನು ಧಂದೆ ಮಾಡಿಕೊಳ್ಳುವುದು ಹೇಗೆಂದು ಕಲಿಸುತ್ತಾರೆ. ಫೀ ಇಲ್ಲ. ತಡವಾಗಿ ಬಂದವರು ಎಲ್ಲರಿಗೂ ಚಹಾ ಮಾಡಬೇಕು, ಅಷ್ಟೇ. ಮೊದಲ ಎರಡು ತಿಂಗಳು ಆ ಕೋಣೆಯಲ್ಲಿ ಎಲ್ಲರೂ ಕುಡಿದದ್ದು ನನ್ನ ಕೈಯ ಚಹಾ.

ಅವರು ಎಲ್ಲಿಯೂ ದೊಡ್ಡ ಕಾಲೇಜು ಓದಿದವರಲ್ಲ. ಮದುವೆಯ ಬಟ್ಟೆಗಳಿಗೆ ಜರಿ ಕೆಲಸ ಮಾಡುತ್ತ ಇಪ್ಪತ್ತು ವರ್ಷ ಕಣ್ಣು ಸವೆಸಿದವರು. ಒಮ್ಮೆ ಸಿದ್ಧೇಶ್ವರ ಗುಡಿಯ ಹತ್ತಿರದ ಒಂದು ಬಟ್ಟೆ ಅಂಗಡಿಯ ಗಾಜಿನ ಹಿಂದೆ ತಾವೇ ಕೆಲಸ ಮಾಡಿದ ಘಾಗ್ರಾ ಕಂಡರಂತೆ. ಒಳಗೆ ಹೋಗಿ, "ಇದನ್ನ ಯಾರು ಮಾಡ್ಯಾರ್ರಿ?" ಎಂದು ಕೇಳಿದರೆ ಅಂಗಡಿಯವನು, "ಸೂರತ್ ಮಾಲ್ ರೀ" ಅಂದನಂತೆ. ಅವತ್ತು ರಾತ್ರಿ ಊಟ ಸೇರಲಿಲ್ಲ ಎಂದು ಅವರೇ ಹೇಳಿದ್ದಾರೆ. ಮರುವಾರ ಸಣ್ಣ ಉದ್ಯಮದವರಿಗೆಂದು ನಡೆಯುತ್ತಿದ್ದ ಆರು ತಿಂಗಳ ತರಬೇತಿಗೆ ಹೆಸರು ಕೊಟ್ಟರು. ಕಲಿತು, ತಮ್ಮ ಹೆಸರಿನಲ್ಲೇ ಕೆಲಸ ಮಾರಿ ಗೆದ್ದರು. ಆಮೇಲೆ ಅದನ್ನು ಬಚ್ಚಿಟ್ಟುಕೊಳ್ಳದೆ ನಮ್ಮಂಥವರನ್ನು ಕರೆದು ಕೂಡಿಸಿಕೊಂಡರು.

ಫ್ಲೆಕ್ಸ್ ಬಂದು ನನ್ನ ಕೆಲಸ ಅರ್ಧ ತಿಂದಿತ್ತು. ಮನೆಗಳಿಗೆ ಕಟ್ಟಿಗೆಯ ಮೇಲೆ ಹೆಸರು ಬರೆದು ಮಾರುವ ವಿಚಾರವಿತ್ತು, ಹೇಗೆಂದು ಗೊತ್ತಿರಲಿಲ್ಲ. ಆದರೂ ಮೊದಲ ದಿನ ಮೂಗು ಮುರಿದುಕೊಂಡೇ ಹೋದೆ.

"ನೀವೇನ್ ಮಾಡ್ತೀರಿ ಅಣ್ಣಾರ?" ಎಂದು ಕೇಳಿದರು.

"ಏನಿಲ್ರೀ, ಮೂವತ್ತೆರಡು ವರ್ಷದಿಂದ ಹಿಂಗ ಒಂದೀಟು ಬೋರ್ಡ್ ಬರೀತೀನಿ."

"ಮೂವತ್ತೆರಡು ವರ್ಷ ಒಂದೀಟು ಬರದೀರೇನ್ರಿ? ಸರಿಯಾಗಿ ಹೇಳ್ರಿ."

ನಾಲ್ಕು ಸಲ ಹೇಳಿಸಿದರು. ನಾಲ್ಕನೆಯ ಸಲ ನನಗೆ ಸಿಟ್ಟು ಬಂತು. "ನಾ ಅಕ್ಷರ ಬರೀತೀನ್ರಿ! ಈ ಸೀಮ್ಯಾಗ ನನ್ನಂಗ ಯಾರೂ ಬರಿಯಂಗಿಲ್ಲ!" ಅಂದೆ. "ಹಾಂ, ಇದನ್ನ ಗಿರಾಕಿ ಮುಂದ ಹೇಳ್ರಿ" ಎಂದು ನಕ್ಕು ಮುಂದಿನವರ ಕಡೆ ಹೊರಳಿದರು. ಆ ಮುಂದಿನವಳೇ ದುಂಡವ್ವ.

ದುಂಡವ್ವ ತಿಕೋಟಾದವಳು. ಅರವತ್ತು ದಾಟಿದೆ. ಹಳೆಯ ಸೀರೆ, ಧೋತರಗಳನ್ನು ಪದರ ಪದರ ಜೋಡಿಸಿ ಕೌದಿ ಹೊಲಿಯುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಊರಲ್ಲಿ ಎಷ್ಟೋ ಕೂಸುಗಳು ಮೊದಲ ಚಳಿ ಕಳೆದದ್ದು ಅವಳ ಕೌದಿಯೊಳಗೆ. ಒಂದಕ್ಕೂ ಬೆಲೆ ಹೇಳಿದವಳಲ್ಲ. ಒಂದು ಕೌದಿಗೆ ಎಷ್ಟು ದಿನ ಹಿಡಿಯುತ್ತದೆ, ಎಷ್ಟು ದಾರ ಹೋಗುತ್ತದೆ, ಬೆನ್ನು ಎಷ್ಟು ನೋಯುತ್ತದೆ ಎಂಬುದನ್ನೆಲ್ಲ ಬಾಯಾರು ಅವಳ ಬಾಯಿಂದಲೇ ತೆಗೆಸಿ ಬೆಲೆ ಕಟ್ಟುವುದನ್ನು ಕಲಿಸಿದರು. ಅವಳ ಜೊತೆ ಓಣಿಯ ಇನ್ನೂ ನಾಲ್ವರು ಹೆಣ್ಣುಮಕ್ಕಳು ಸೂಜಿ ಹಿಡಿದರು. ಪುಣೆಯ ಅಂಗಡಿಯೊಂದು ಹನ್ನೆರಡು ಕೌದಿ ಕೇಳಿತು. ಪ್ರತಿ ಕೌದಿಗೂ ಹೊಲಿದವರ ಹೆಸರಿನ ಬಟ್ಟೆಯ ಚೀಟಿ ಬರೆದವನು ನಾನು. ಕಳಿಸುವ ದಿನ ಐವರೂ ಹೊಸ ಸೀರೆ ಉಟ್ಟು ಜಲನಗರಕ್ಕೆ ಬಂದಿದ್ದರು.

ಒಂದೂವರೆ ತಿಂಗಳಿಗೆ ಹನ್ನೆರಡೂ ವಾಪಸ್ ಬಂದವು.

ಅಂಗಡಿಯಾಕೆ ಫೋನಿನಲ್ಲಿ ಬೆಂಕಿಯಾಗಿದ್ದಳು. ಕೌದಿಯ ಮೂಲೆಯಿಂದ ನುಸಿ ಹೊರಟಿವೆ, ಇರುವೆ ಸಾಲು ಹಿಡಿದಿವೆ, ಗಿರಾಕಿಗಳ ಎದುರು ಮಾನ ಹೋಯಿತು ಅಂದಳಂತೆ. ಬಾಯಾರಿಗೆ ತಲೆಬುಡ ತಿಳಿಯಲಿಲ್ಲ. ಭಾನುವಾರ ಎಲ್ಲರೂ ಕೂತಿದ್ದಾಗ ಒಂದು ಕೌದಿಯ ಮೂಲೆ ಬಿಚ್ಚಿದರು. ಒಳಗೆ ಬೆಲ್ಲ ಸವರಿದ ರೊಟ್ಟಿಯ ಚೂರು.

"ಇದೇನ್ ಆಯಿ?"

ದುಂಡವ್ವನಿಗೆ ಆ ಪ್ರಶ್ನೆಯೇ ವಿಚಿತ್ರವೆನಿಸಿತು. "ಹೊಟ್ಟಿ ತುಂಬಸೀನ್ರಿ. ಕಡೀ ಮೂಲಿ ಮುಚ್ಚೂಕಿಂತ ಮೊದಲ ಕೌದಿ ಹೊಟ್ಟಿಗೆ ಒಂದು ತುತ್ತು ಹಾಕಬೇಕಲ್ರಿ. ಹಸದ ಕೌದಿ ಹೊಚ್ಚಿಕೊಂಡ್ರ ಮನ್ಯಾಗ ಅನ್ನ ನಿಲ್ಲಂಗಿಲ್ಲ. ಎಲ್ಲಾರಿಗೂ ಗೊತ್ತಿದ್ದದ್ದ ಐತಿ, ಅದನ್ನೇನ್ ಹೇಳೂದು?"

ತಪ್ಪು ಆದದ್ದು ಅಲ್ಲೇ. ನಮ್ಮ ಮನೆಗಳಲ್ಲಿ ಕೌದಿ ಹೊಲಿದ ದಿನವೇ ಮೈಮೇಲೆ ಬರುತ್ತದೆ, ಮೂರು ದಿನಕ್ಕೊಮ್ಮೆ ಬಿಸಿಲು ಕಾಣುತ್ತದೆ. ಆ ಚೂರು ಒಣಗಿ ಪುಡಿಯಾಗಿ ಬಟ್ಟೆಯೊಳಗೆ ಬಟ್ಟೆಯಾಗುತ್ತದೆ. ಪುಣೆಯಲ್ಲಿ ಅದು ಪ್ಲಾಸ್ಟಿಕ್ ಚೀಲದೊಳಗೆ ಒಂದೂವರೆ ತಿಂಗಳು ಮಳೆಗಾಲ ಕಳೆದಿತ್ತು.

ನಾನು ಸುಮ್ಮನಿರಲಿಲ್ಲ. "ಇನ್ನ ಮ್ಯಾಲ ಹಾಕಬ್ಯಾಡ ಬಿಡವ್ವಾ. ಪುಣೆದವರಿಗೇನು ಕೌದಿ ಹಸೀತು, ಉಂಡೀತು ಗೊತ್ತಾಗತೈತೇನು?" ಅಂದೆ.

ದುಂಡವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. "ಖಾಲಿ ಹೊಟ್ಟಿ ಕೌದಿ ನನ್ನ ಕೈಯಿಂದ ಹೊರಗ ಹೋಗಂಗಿಲ್ಲ ತಮ್ಮಾ. ನನಗ ಈ ಧಂದೆ ಬ್ಯಾಡ. ನನ್ನ ಸೂಜಿ ನನ್ನ ಮನ್ಯಾಗ ಇರಲಿ." ಅವಳು ಬಿಟ್ಟರೆ ಉಳಿದ ನಾಲ್ವರೂ ಬಿಡುವವರೇ. ಅವರ ಮುಖ ನೋಡಿದರೆ ತಿಳಿಯುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಆ ಮುದುಕಿಗೆ ಬುದ್ಧಿ ಹೇಳುತ್ತಿದ್ದರು. ಗುಲಶನ ಬಾಯಾರು ಅವಳ ಕೈ ಹಿಡಿದು ಕೂಡಿಸಿದರು. "ತಪ್ಪ ನಂದು, ಆಯಿ. ನಮ್ಮ ಅಮ್ಮಿನೂ ಹಿಂಗ ರೊಟ್ಟಿ ಹಾಕ್ತಿದ್ಲು, ನಾ ಸಣ್ಣಾಕಿ ಇದ್ದಾಗ ನೋಡೀನಿ. ಧಂದೆ ಕಲತ ಮ್ಯಾಲ ಮರತೆ. ದಾರ ಎಷ್ಟು, ದಿನಾ ಎಷ್ಟು ಅಂತ ನಿನ್ನ ಕೇಳಿದೆ. ಒಳಗ ಏನೈತಿ ಅಂತ ಕೇಳಲಿಲ್ಲ. ನನಗ ಎಂಟ ದಿನ ಕೊಡು. ಅಲ್ಲೀತನಾ ಬಿಡಬ್ಯಾಡ."

ಅಷ್ಟು ಜನರ ಮುಂದೆ ತಪ್ಪು ನನ್ನದು ಎಂದು ಹೇಳಿದ ಗುರುವನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನನ್ನ ಮಾತಿಗೆ ನನಗೇ ನಾಚಿಕೆಯಾಯಿತು.

ಆ ವಾರ ಹನ್ನೆರಡೂ ಕೌದಿಗಳ ಮೂಲೆ ಬಿಚ್ಚಿ, ಒಗೆದು, ಬಾಯಾರ ಮನೆಯ ಮಾಳಿಗೆಯ ಮೇಲೆ ಒಣಹಾಕಿದೆವು. ಮೂರನೆಯ ದಿನ ಬಾಯಾರು ಒಣಗಿದ ಕೌದಿಗಳ ನಡುವೆ ನಿಂತು, ಬಿಚ್ಚಿದ ಒಂದು ಮೂಲೆಯೊಳಗೆ ಬೆರಳು ಹಾಕಿ ಬಹಳ ಹೊತ್ತು ನೋಡುತ್ತಿದ್ದರು. ಆಮೇಲೆ ದುಂಡವ್ವನನ್ನು ಕೂಗಿ ಕರೆದರು.

"ಆಯಿ, ತುತ್ತು ಹೊಲದಾಕಿನ ಹಾಕಬೇಕೇನು? ಹೊಚ್ಚಿಕೊಳ್ಳಾಕಿ ಹಾಕಿದ್ರ ನಡಿಯೂದಿಲ್ಲೇನು?"

ದುಂಡವ್ವ ಯೋಚಿಸಿದಳು. "ನಡೀತೈತಿ. ಅವರ ಮನಿ ಅನ್ನ ಅವರ ಕೌದಿಗೆ. ಖರೇ ಹೇಳಬೇಕಂದ್ರ ಅದ ಚಲೋ."

ಹಾಗೆ ಮೂಲೆ ಮುಚ್ಚದೆ, ದಾರ ಪೋಣಿಸಿದ ಸೂಜಿಯನ್ನು ಅಲ್ಲೇ ಚುಚ್ಚಿ ಕಳಿಸುವುದೆಂದಾಯಿತು. ಜೊತೆಗೊಂದು ಚೀಟಿ, ನನ್ನ ಅಕ್ಷರದಲ್ಲಿ, ಕನ್ನಡ ಮತ್ತು ಮರಾಠಿಯಲ್ಲಿ: "ಈ ಕೌದಿ ಇನ್ನೂ ಉಂಡಿಲ್ಲ. ನಿಮ್ಮ ಮನೆಯ ಒಂದು ಒಣ ಚೂರು ಇದಕ್ಕೆ ಹಾಕಿ, ಮೂಲೆ ಹೊಲಿದು, ಅವತ್ತೇ ಹೊದ್ದುಕೊಳ್ಳಿ. ಆಗಾಗ ಬಿಸಿಲಿಗೆ ಹಾಕಿ."

ಬಾಯಾರು ಪುಣೆಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟರು. ಅಂಗಡಿಯಾಕೆ ಕೇಳಿದ್ದು ಒಂದೇ ಮಾತು: ಅರ್ಧ ಹೊಲಿದ ಮಾಲಿಗೆ ಪೂರ್ತಿ ಬೆಲೆ ಯಾಕೆ ಕೊಡಬೇಕು? ಬಾಯಾರು ಉತ್ತರಿಸಲು ಬಾಯಿ ತೆಗೆಯುವಷ್ಟರಲ್ಲಿ ದುಂಡವ್ವ ಫೋನು ಕಸಿದುಕೊಂಡಳು. ಅವಳ ತವರು ಗಡಿಯಾಚೆಯ ಜತ್ತ ಕಡೆ, ಮರಾಠಿ ನೀರು ಕುಡಿದಂತೆ ಬರುತ್ತದೆ. ಅವಳು ಹೇಳಿದ್ದರ ಸಾರ ಇಷ್ಟು: ಇದು ಅರ್ಧವಲ್ಲ. ನನ್ನ ಪಾಲು ಪೂರ್ತಿ ಮುಗಿಸಿದ್ದೇನೆ. ಉಳಿದದ್ದು ನಿಮ್ಮ ಪಾಲು, ಅದನ್ನು ನಾನು ಮಾಡಿಕೊಡಲು ಬರುವುದಿಲ್ಲ. ಬೆಲೆ ಮೊದಲಿನದೇ.

"ಮೊದಲಿನದೇ" ಎಂದು ಅವಳು ಹೇಳಿದ ರೀತಿ ಇದೆಯಲ್ಲ, ನನ್ನ ಎದೆ ಉಬ್ಬಿತು. ಬೆಲೆ ಕೇಳಿದರೆ ಸೆರಗಿನಲ್ಲಿ ಮುಖ ಮುಚ್ಚುತ್ತಿದ್ದವಳು! ಬಾಯಾರ ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. ಕೊನೆಗೆ ಅಂಗಡಿಯಾಕೆ, ಮೊದಲು ಒಂದು ಕಳಿಸಿ ನೋಡೋಣ ಅಂದಳು.

ಒಂದನ್ನು ಕಳಿಸಿದೆವು. ಹತ್ತು ದಿನ ಸುದ್ದಿಯಿಲ್ಲ. ದುಂಡವ್ವ ಸೂಜಿ ಮುಟ್ಟಲಿಲ್ಲ, ಭಾನುವಾರ ಬಂದು ಗೋಡೆಗೆ ಒರಗಿ ಸುಮ್ಮನೆ ಕೂತು ಹೋದಳು. ಹನ್ನೊಂದನೆಯ ದಿನ ಬಾಯಾರ ಮೊಬೈಲಿಗೆ ಒಂದು ಫೋಟೋ ಬಂತು. ಆ ಕೌದಿಯನ್ನು ಅಂಗಡಿಯಾಕೆ ಮಾರಿರಲಿಲ್ಲ, ತಾನೇ ಇಟ್ಟುಕೊಂಡಿದ್ದಳು. ಮೂಲೆಗೆ ತನ್ನ ಮನೆಯ ಭಾಕರಿ ರೊಟ್ಟಿಯ ಚೂರು ಹಾಕಿ ಕೈಯಾರೆ ಹೊಲಿದಿದ್ದಳು. ಉಳಿದ ಹನ್ನೊಂದೂ ಕಳಿಸಿ, ಮತ್ತೆ ಇಪ್ಪತ್ತು ಹೊಲಿಯಿರಿ ಎಂದು ಕೆಳಗೆ ಬರೆದಿದ್ದಳು.

ದುಂಡವ್ವ ಚಾಳೀಸು ಮೂಗಿಗೇರಿಸಿಕೊಂಡು ಫೋಟೋ ಹತ್ತಿರ ಹಿಡಿದಳು. ನಾವೆಲ್ಲ ಅವಳ ಭುಜದ ಮೇಲಿಂದ ಇಣುಕಿದೆವು.

"ಹೊಲಿಗಿ ಸೊಟ್ಟ ಹಾಕ್ಯಾಳ," ಅಂದಳು. ಆಮೇಲೆ ಮೊಬೈಲು ಬಾಯಾರ ಕೈಗಿಟ್ಟು, "ಖರೇ, ಹೊಟ್ಟಿ ತುಂಬೈತಿ. ನಾಳೆ ಮುಂಜಾನಿ ಹೊಸ ಕೌದಿಗೆ ಬಟ್ಟಿ ಹರಿಯಾಕ ಕುಂದ್ರತೀನಿ, ಆ ನಾಕೂ ಮಂದಿಗೆ ಹೇಳ್ರಿ" ಎಂದಳು.