ಅತ್ತಿಗೆ ಚೆಲ್ಲದ ಹಾಲು

ಅತ್ತಿಗೆ ಮಾಟುಂಗದ ನಮ್ಮ ಮನೆಗೆ ಸೊಸೆಯಾಗಿ ಬಂದು ಮೂರು ವಾರವೂ ಆಗಿರಲಿಲ್ಲ, ಮೊಸರು ಆಗುವುದೇ ನಿಂತುಹೋಯಿತು. ಹೆಪ್ಪು ಹಾಕಿಟ್ಟ ಹಾಲು ಬೆಳಿಗ್ಗೆಯೂ ಹಾಲಾಗಿಯೇ ಇರುತ್ತಿತ್ತು. "ಕೈಗುಣ ಸಾಲದು" ಎಂದಳು ಅಮ್ಮ. ಎರಡು ದಿನ ತಾನೇ ಹಾಕಿ ನೋಡಿದಳು. ಅದೂ ಆಗಲಿಲ್ಲ. ಸೋಲು ಒಪ್ಪುವವಳೇ ನಮ್ಮಮ್ಮ? "ಕೈಗುಣ ಅಲ್ಲ ಕಣೇ, ಇದು ಕಾಲ್ಗುಣ" ಎಂದುಬಿಟ್ಟಳು.

ಈ ಮಾತು ಹೊಸ ಸೊಸೆಗೆ ಒಮ್ಮೆ ಅಂಟಿದರೆ ಮುಗಿಯಿತು. ಮುಂದೆ ಅಣ್ಣನಿಗೆ ನೆಗಡಿಯಾದರೂ ಅವಳೇ ಕಾರಣ. ಹತ್ತೊಂಬತ್ತರ ಆ ಹುಡುಗಿ ಇನ್ನು ಹೆಪ್ಪು ಹಾಕಕೂಡದು, ಕೆಟ್ಟ ಹಾಲನ್ನು ಚೆಲ್ಲಿ ಪಾತ್ರೆ ತೊಳೆದರೆ ಸಾಕು ಎಂದು ಅಪ್ಪಣೆಯಾಯಿತು. ಅವಳು ಪಾತ್ರೆ ಎತ್ತಿಕೊಂಡು ಬಚ್ಚಲಿಗೆ ನಡೆದಳು. ನನಗೆ ಮಾತ್ರ ಮೈಯೆಲ್ಲ ಉರಿಯಿತು.

ನಾನು ಆಗ ಪರೇಲಿನ ಒಂದು ಲ್ಯಾಬಿನಲ್ಲಿ ಸಂಶೋಧನೆಗೆ ಸೇರಿದ್ದೆ. ಪೆನಿಸಿಲಿನ್ನಿಗೂ ಜಗ್ಗದ ಬ್ಯಾಕ್ಟೀರಿಯಾಗಳನ್ನು ಬೆಳೆಸುವುದು ನನ್ನ ಕೆಲಸ. ಇವತ್ತು ಬದುಕುಳಿದವನ್ನು ನಾಳೆ ತುಸು ಹೆಚ್ಚು ಮದ್ದಿರುವ ನಳಿಕೆಗೆ ಸಾಗಿಸಬೇಕು, ಹೀಗೇ ದಿನವೂ. ನನ್ನವು ಮೂರನೆಯ ದಿನಕ್ಕೇ ಶಿವನ ಪಾದ ಸೇರುತ್ತಿದ್ದವು. ನಳಿಕೆ ಕದಡದೆ ತಿಳಿಯಾಗಿ ಕಂಡರೆ ಎಲ್ಲ ಸತ್ತವೆಂದೇ ಅರ್ಥ, ಬೈದುಕೊಂಡು ಚೆಲ್ಲುತ್ತಿದ್ದೆ.

ಮೊಸರಾಗುವುದೂ ಬ್ಯಾಕ್ಟೀರಿಯಾದಿಂದಲೇ ಅಲ್ಲವೇ? ಅವನ್ನೂ ಇಂಥದೇ ಮದ್ದು ಕೊಲ್ಲುತ್ತಿರಬಹುದು ಎನಿಸಿತು. ಒಂದು ದಿನ ಮನೆಯ ಹಾಲನ್ನು ಸೀಸೆಯಲ್ಲಿ ಒಯ್ದೆ. ಪೆನಿಸಿಲಿನ್ ತಗುಲಿದರೆ ಸಾಯುವ ಬ್ಯಾಕ್ಟೀರಿಯಾ ಹರಡಿದ ತಟ್ಟೆಯ ನಡುವೆ, ಆ ಹಾಲಿನಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟೆ. ಮರುದಿನ ಬಿಲ್ಲೆಯ ಸುತ್ತ ದುಂಡಗೆ ಬೋಳು! ಅಲ್ಲಿ ಒಂದೂ ಬೆಳೆದಿರಲಿಲ್ಲ. ಹಾಲಿನಲ್ಲಿ ಪೆನಿಸಿಲಿನ್ ಇತ್ತು. ನಾನು ಸೀರೆ ಎತ್ತಿ ಕಟ್ಟಿ ಲ್ಯಾಬಿನಲ್ಲೇ ಎರಡು ಸುತ್ತು ಕುಣಿದೆ. ತಟ್ಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಲೋಕಲ್ ರೈಲು ಹತ್ತಿದೆ.

ಸೀದಾ ಹಾಲಿನ ಭೈಯಾನ ತಬೇಲಕ್ಕೆ, ಅವನ ಎಮ್ಮೆ ಕೊಟ್ಟಿಗೆಗೆ, ಹೋದೆ.

"ಭೈಂಸ್ ಕೊ ಕ್ಯಾ ಹುವಾ?" ಎಂದು ನಮ್ಮ ಎಮ್ಮೆಗೆ ಏನಾಗಿದೆಯೆಂದು ಕೇಳಿದೆ.

"ಥನ್ ಸೂಜ್ ಗಯಾ ಹೈ, ಬಾಯಿ. ಡಾಕ್ಟರ್ ರೋಜ್ ಪೆನ್ಸಿಲಿನ್ ದೇತಾ ಹೈ" ಎಂದ ಪುಣ್ಯಾತ್ಮ, ಎಮ್ಮೆಯ ಬಾತ ಕೆಚ್ಚಲು ತೋರಿಸಿ. ಅದಕ್ಕೆ ಡಾಕ್ಟರು ದಿನವೂ ಪೆನಿಸಿಲಿನ್ ಕೊಡುತ್ತಿದ್ದನಂತೆ. ಉಳಿದವರ ಮನೆಗೆ ಹತ್ತು ಎಮ್ಮೆಗಳ ಹಾಲು ಬೆರೆತು ಹೋಗುತ್ತಿತ್ತು. ಒಂದೇ ಎಮ್ಮೆಯ ಹಾಲು ಬೇಕೆಂದು ಹಟ ಹಿಡಿದಿದ್ದವಳು ಇಡೀ ಬೀದಿಗೆ ನಮ್ಮಮ್ಮ ಒಬ್ಬಳೇ!

ನಗು ತಡೆಯಲಾರದೆ ಮೆಟ್ಟಿಲು ಹಾರಿ ಮನೆಗೆ ನುಗ್ಗಿದೆ. "ಅಮ್ಮಾ, ಈ ಹಾಲು ಬ್ರಹ್ಮ ಬಂದರೂ ಮೊಸರಾಗಲ್ಲ!" ಎಂದು ತಟ್ಟೆ ಹಿಡಿದು ತೋರಿಸಿದೆ.

ಅಮ್ಮ ಅಡಿಗೆಮನೆಯಲ್ಲಿ ನಿಂತಿದ್ದಳು. ಅವಳ ಮುಂದೆ ಕಟ್ಟೆಯ ಮೇಲೆ ಪಿಂಗಾಣಿ ಜಾಡಿ, ಅದರ ತುಂಬ ಗಟ್ಟಿ ಮೊಸರು. ಚಮಚ ನೆಟ್ಟರೆ ನಿಲ್ಲುವಂಥದ್ದು.

"ಯಾವ ಹಾಲು ಇದು?" ಎಂದೆ.

"ಅದೇ ಹಾಲು" ಎಂದಳು ಅತ್ತಿಗೆ ಮೆಲ್ಲಗೆ. "ಚೆಲ್ಲು ಅಂತಿದ್ರಲ್ಲ, ಮನಸ್ಸು ಬರಲಿಲ್ಲ. ತಳದಲ್ಲಿ ಒಂಚೂರು ಗಟ್ಟಿ ಇರೋದು. ಅದನ್ನೇ ತೆಗೆದು ಮಾರನೇ ದಿನದ ಹಾಲಿಗೆ ಗುಟ್ಟಾಗಿ ಈ ಜಾಡಿಯಲ್ಲಿ ಹಾಕ್ತಿದ್ದೆ. ಹತ್ತು ದಿನ ಆಯ್ತು."

ನನ್ನ ಇಡೀ ಸಂಶೋಧನೆಯನ್ನು ಇವಳು ಒಲೆಯ ಪಕ್ಕದಲ್ಲಿ ಮಾಡಿ ಮುಗಿಸಿದ್ದಳು! ಆ ಮೊಸರನ್ನೂ ಪರೀಕ್ಷಿಸಿದೆ. ಬಿಲ್ಲೆಯ ಸುತ್ತ ಬೋಳೇ ಇಲ್ಲ. ಅದರಲ್ಲಿದ್ದ ಯಾವುದೋ ಜೀವಿ ಮದ್ದನ್ನೇ ತಿಂದು ಹಾಕಿ, ಉಳಿದವರಿಗೂ ಬದುಕಲು ದಾರಿ ಮಾಡಿತ್ತು. ಒಂದೇ ನಲ್ಲಿಯ ಸಾಲುಮನೆ ಚಾಳಿನಲ್ಲಿ ಜಗಳಗಂಟಿ ಹೆಂಗಸು ಒಬ್ಬಳಿದ್ದರೆ ಎಲ್ಲರ ಮನೆಗೂ ನೀರು ಬರುತ್ತದಲ್ಲ, ಹಾಗೆ. ಅದು ಯಾವ ಜೀವಿ ಎಂದು ಹುಡುಕಿ ತೆಗೆಯಲು ನನಗೆ ಎರಡು ವರ್ಷ ಹಿಡಿಯಿತು.

ಮೊಸರಾದ ಆ ದಿನವೇ ಸಂಜೆ ಅಮ್ಮ ಬೆಳ್ಳಿ ಬಟ್ಟಲು ಹಿಡಿದು ಬಂದು ಅತ್ತಿಗೆಯ ಮುಂದೆ ನಿಂತಳು.

"ಒಂಚೂರು ಹೆಪ್ಪು ಕೊಡೇ. ಪಕ್ಕದ ಮನೆಯವರು ಕೇಳ್ತಿದಾರೆ. ನಮ್ಮ ಸೊಸೆ ಕೈಗುಣ ಅಂತ ಹೇಳಿದೀನಿ."

"ಕೈಗುಣ ಏನಿಲ್ಲ ಅತ್ತೆ" ಎಂದಳು ಅತ್ತಿಗೆ ಬಟ್ಟಲು ತುಂಬುತ್ತ. "ನಾನು ಚೆಲ್ಲಲಿಲ್ಲ, ಅಷ್ಟೇ."

ಅಮ್ಮ ಬಟ್ಟಲನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು.