ನನ್ನ ತಮ್ಮ ಒಪ್ಪದ ಕೆಂಪು ಚಿನ್ನ

ನನ್ನ ತಮ್ಮನನ್ನು ಅಂಗಡಿ ಬೀದಿಯಲ್ಲಿ ಎಲ್ಲರೂ ಒರೆಗಲ್ಲು ಎಂದೇ ಕರೆಯುತ್ತಿದ್ದರು. ಅಕ್ಕಸಾಲಿಗ ಅವನು. ಚಿನ್ನವನ್ನು ಆ ಕಪ್ಪು ಕಲ್ಲಿಗೆ ಉಜ್ಜಿ, ಬಿದ್ದ ಗೆರೆಯ ಬಣ್ಣ ನೋಡಿ, ಎಷ್ಟು ಬೆರಕೆ ಇದೆ ಎಂದು ಹೇಳಿಬಿಡುತ್ತಿದ್ದ. ಹೆಸರು ಬಂದದ್ದು ಅಷ್ಟಕ್ಕೇ ಅಲ್ಲ ಬಿಡಿ. ಹಾಲಿನವನು ತಂದ ಹಾಲನ್ನಾಗಲಿ, ಹೆಂಡತಿ ಹೇಳಿದ ತಲೆನೋವನ್ನಾಗಲಿ ಅವನು ಒರೆಗೆ ಹಚ್ಚದೆ ನಂಬಿದವನಲ್ಲ. ಹುಟ್ಟಿದ ದಿನ ಅಮ್ಮನ ಮುಖವನ್ನೇ ಅನುಮಾನದಿಂದ ನೋಡಿದ್ದ. ನನಗಾಗ ಐದು ವರ್ಷ, ಪಕ್ಕದಲ್ಲೇ ನಿಂತಿದ್ದೆ.

ಇಂಥವನ ಮೀನಖಂಡದ ಮೇಲೆ ಒಂದು ಕರಿ ಮಚ್ಚೆ ಎದ್ದಿತು. ಕುಲುಮೆಯ ಕಿಡಿ ಸಿಡಿದ ಕಲೆ ಎಂದುಕೊಂಡು ಒಂದು ವರ್ಷ ಸುಮ್ಮನಿದ್ದ. ಊರಿನವರ ಚಿನ್ನವನ್ನೆಲ್ಲ ಅನುಮಾನಿಸುವವನು ತನ್ನ ಕಾಲನ್ನು ಅನುಮಾನಿಸಲಿಲ್ಲ, ನೋಡಿ. ಆಸ್ಪತ್ರೆಗೆ ಹೋಗುವ ಹೊತ್ತಿಗೆ ಅದು ಕ್ಯಾನ್ಸರ್ ಆಗಿತ್ತು, ಕತ್ತಿನ ಬುಡದಲ್ಲಿ ಇನ್ನೊಂದು ಗಂಟೂ ಎದ್ದಿತ್ತು. ಕಾಲಿನದನ್ನು ಕತ್ತರಿಸಿದರು, ಮತ್ತೆ ಬಂತು. ಔಷಧಿ ಏರಿಸಿದರು, ಕೂದಲು ಹೋಯಿತು, ಗಂಟು ಹೋಗಲಿಲ್ಲ. ನಾವೆಲ್ಲ ಕೈಚೆಲ್ಲಿ ಕೂತಿದ್ದೆವು.

ಆಗ ಡಾಕ್ಟರಮ್ಮ ಒಂದು ಹೊಸ ಚಿಕಿತ್ಸೆಯ ವಿಷಯ ಹೇಳಿದಳು. ಇನ್ನೂ ಪರೀಕ್ಷೆಯ ಹಂತದಲ್ಲಿದೆ, ಹನ್ನೆರಡು ಜನಕ್ಕೆ ಮಾತ್ರ ಜಾಗ, ಉಳಿದಿರುವುದು ಒಂದೇ ಎಂದಳು. ಒಂದು ಕೂದಲೆಳೆಯನ್ನು ಸಾವಿರ ಸೀಳು ಮಾಡಿದರೆ ಎಷ್ಟು ಸಣ್ಣದೋ ಅಷ್ಟು ಸಣ್ಣ ಚಿನ್ನದ ಕಣಗಳನ್ನು ಕಾಲಿನ ಗಂಟಿಗೆ ಚುಚ್ಚುತ್ತಾರಂತೆ. ಹೊರಗಿನಿಂದ ಕಣ್ಣಿಗೆ ಕಾಣದ ಬೆಳಕು ಬಿಡುತ್ತಾರಂತೆ. ಬೆಳಕು ಕುಡಿದ ಚಿನ್ನ ಕಾದು, ಗಂಟು ಒಳಗೊಳಗೇ ಬೇಯುತ್ತದಂತೆ. ಬೆಂದು ಒಡೆದ ಚೂರುಗಳನ್ನು ನೋಡಿ ಮೈ ಕಾಯುವ ಜೀವಕೋಶಗಳು ಕಳ್ಳನ ಮುಖ ಗುರುತು ಹಿಡಿಯುತ್ತವಂತೆ. ಅವು ಮತ್ತೆ ತೂಕಡಿಸದ ಹಾಗೆ ನರಕ್ಕೆ ಬೇರೊಂದು ಔಷಧಿ. ನನಗೆ ಅರ್ಧ ಅರ್ಥವಾಯಿತು, ತಲೆ ಮಾತ್ರ ಪೂರ್ತಿ ಆಡಿಸಿದೆ.

ಚಿನ್ನ ಎಂದದ್ದೇ ತಮ್ಮನ ಬೆನ್ನು ನೆಟ್ಟಗಾಯಿತು. ಎಲ್ಲಿ, ತೋರಿಸಿ ಎಂದ. ಅವಳು ಒಂದು ಪುಟ್ಟ ಶೀಶೆ ತಂದು ಹಿಡಿದಳು. ಒಳಗಿದ್ದದ್ದು ಕೆಂಗಂದು ನೀರು.

"ಇದು ಚಿನ್ನ ಆದ್ರೆ ನಾನು ಸೌದೆ ಅಂಗಡಿಯೋನು," ಅಂದ.

ಅಷ್ಟು ಸಣ್ಣದಾದಾಗ ಚಿನ್ನಕ್ಕೆ ಹಳದಿ ಬಣ್ಣ ಇರುವುದಿಲ್ಲ ಎಂದು ಚಿಕ್ಕ ವಯಸ್ಸಿನ ಆ ಡಾಕ್ಟರಮ್ಮ ಎಷ್ಟು ಹೇಳಿದರೂ ಕೇಳಲಿಲ್ಲ. ನಲವತ್ತು ವರ್ಷ ಕೈಯಲ್ಲಿ ಹಿಡಿದಿದ್ದೇನೆ, ನನಗೇ ಹೇಳಿಕೊಡುತ್ತೀರಾ ಎಂದು ಇಡೀ ವಾರ್ಡು ತಿರುಗಿ ನೋಡುವಂತೆ ಗದರಿ, ಕುಂಟುತ್ತ ಮನೆಗೆ ಬಂದುಬಿಟ್ಟ. ಸೋಮವಾರದೊಳಗೆ ಸಹಿ ಹಾಕದಿದ್ದರೆ ಆ ಜಾಗ ಇನ್ನೊಬ್ಬರಿಗೆ. ಅವನ ಹೆಂಡತಿ ಎರಡು ದಿನ ಅವನೊಂದಿಗೆ ಮಾತು ಬಿಟ್ಟಳು. ನಾನು ಬಿಡಲಿಲ್ಲ, ಬಾಯಿಗೆ ಬಂದಂತೆ ಬೈದೆ. ಬಣ್ಣದ ನೀರಿನ ಹಟಕ್ಕೆ ಜೀವ ಬಿಡುವವನನ್ನು ಮುದ್ದು ಮಾಡುತ್ತಾರೆಯೇ?

ಭಾನುವಾರ ಬೆಳಿಗ್ಗೆ ಡಾಕ್ಟರಮ್ಮ ತಾನಾಗಿಯೇ ಅವನ ಅಂಗಡಿ ಹುಡುಕಿಕೊಂಡು ಬಂದಳು. ಮೇಲಿನವರ ಒಪ್ಪಿಗೆ ಪಡೆದು, ಎಸೆಯಲು ಇಟ್ಟಿದ್ದ ಒಂದು ದೊಡ್ಡ ಶೀಶೆ ತಂದಿದ್ದಳು.

"ಅವಧಿ ಮುಗಿದದ್ದು, ಯಾರ ಮೈಗೂ ಹಾಕೋ ಹಾಗಿಲ್ಲ. ನೀವೇ ಕರಗಿಸಿ ನೋಡಿ," ಅಂದಳು.

ಅವನು ಶೀಶೆಯ ನೀರನ್ನು ಸಣ್ಣ ಉರಿಯಲ್ಲಿ ಇಂಗಿಸಿದ. ತಳದಲ್ಲಿ ಮಸಿಯಂಥದ್ದು ಉಳಿಯಿತು. ನೋಡಿದೆಯಾ ಅಕ್ಕ ಎನ್ನುವಂತೆ ನನ್ನ ಕಡೆ ಹುಬ್ಬು ಹಾರಿಸಿದ. ಅದನ್ನು ಬಿಳಿಗಾರದ ಪುಡಿಯೊಂದಿಗೆ ಮೂಸೆಗೆ ಹಾಕಿ, ಊದುಗೊಳವೆಯಿಂದ ಉರಿ ಹಾಯಿಸಿದ. ಕಮಟು ಹೊಗೆ ಎದ್ದಿತು. ಊದುತ್ತಿದ್ದವನು ಥಟ್ಟನೆ ನಿಲ್ಲಿಸಿದ. ಚಿಮಟಿಗೆಯಲ್ಲಿ ಅವನು ಎತ್ತಿದ್ದು ಗಸಗಸೆ ಕಾಳಿಗಿಂತ ಚಿಕ್ಕದು, ಆದರೆ ಹಳದಿ. ಕಲ್ಲಿಗೆ ಉಜ್ಜಿದ. ಗೆರೆ ಬಿತ್ತು.

ಅವನು ಆ ಗೆರೆಯನ್ನು ದೀಪದ ಕೆಳಗೆ ಮೂರು ಸಲ ನೋಡಿದ.

"ಬೆರಕೆನೇ ಇಲ್ಲ," ಅಂದ, ಅವಳಿಗಲ್ಲ, ತನಗೇ.

ಸಹಿ ಹಾಕಿದ. ಕಾಲಿನ ಗಂಟಿಗೆ ಕಣ ಚುಚ್ಚಿ ಬೆಳಕು ಬಿಟ್ಟರು. ಅಡುಗೆ ಒಲೆಯ ಪಕ್ಕ ಕಾಲಿಟ್ಟ ಹಾಗಿತ್ತು ಎಂದ. ಮೂರು ದಿನ ಚಳಿಜ್ವರ. ಗಂಟು ಕರಕಲಾಗಿ ಹಕ್ಕಳೆ ಕಟ್ಟಿತು. ನರಕ್ಕೆ ಔಷಧಿ ಹಾಕಿದ ಮೇಲಂತೂ ಮೈಯೆಲ್ಲ ತುರಿಕೆ, ಉಂಡದ್ದು ನಿಲ್ಲುತ್ತಿರಲಿಲ್ಲ. ಕಾಲಿನದು ಹೋದರೇನು, ಕತ್ತಿನದು ಹಾಗೇ ಇದೆಯಲ್ಲ ಎಂದು ನನಗೆ ಒಳಗೊಳಗೇ ಕೊರಗು. ಅದಕ್ಕೆ ಅವರು ಸೂಜಿಯನ್ನೂ ತಾಗಿಸಿರಲಿಲ್ಲ.

ಒಂಬತ್ತನೆಯ ವಾರ ಅವನು ಉಂಗುರ ಅರ ಹಾಕುತ್ತಿದ್ದಾಗ ಅರ ಕೆಳಗೆ ಬಿದ್ದ ಸದ್ದು ಕೇಳಿಸಿತು. ನಾನು ಓಡಿದೆ. ಮುಗಿಯಿತು ಎಂದೇ ಓಡಿದೆ, ಸುಳ್ಳು ಯಾಕೆ ಹೇಳಲಿ. ಅವನು ಅಂಗಿಯ ಕತ್ತು ಸರಿಸಿ ಕೂತಿದ್ದ.

"ಅಕ್ಕ, ಇಲ್ಲಿ ಮುಟ್ಟು. ನನ್ನ ಬೆರಳನ್ನ ನಾನು ನಂಬೋದಿಲ್ಲ."

ಮುಟ್ಟಿದೆ. ಎಲುಬು ಸಿಕ್ಕಿತು. ಇನ್ನಷ್ಟು ಒತ್ತಿದೆ, ಎಲುಬೇ. ಗಂಟು ಇದ್ದದ್ದು ಆ ಕಡೆಯೇನೋ ಎಂದು ಇನ್ನೊಂದು ಕಡೆಯೂ ಹುಡುಕಿದೆ, ಪೆದ್ದಿ.

ಸ್ಕ್ಯಾನ್ ಮಾಡಿದರು. ಕತ್ತಿನ ಗಂಟು ಒಂದು ಚುಕ್ಕೆಯಷ್ಟು ಉಳಿದಿತ್ತು. ಹನ್ನೆರಡು ಜನರಲ್ಲಿ ಎಲ್ಲರಿಗೂ ಹೀಗಾಗಿಲ್ಲ, ಮತ್ತೆ ಬರುವುದೇ ಇಲ್ಲ ಎಂದು ತಾನು ಮಾತು ಕೊಡಲಾರೆ ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದಳು. ತಮ್ಮ ಕೇಳಿದ್ದು ಒಂದೇ:

"ಅಲ್ಲಿಗೆ ನೀವು ಏನೂ ಹಾಕ್ಲಿಲ್ವಲ್ಲಮ್ಮ?"

"ಇಲ್ಲ. ಕಾಲಲ್ಲಿ ಗುರುತು ಹಿಡಿದ ಕಳ್ಳನನ್ನ ನಿಮ್ಮ ಮೈಯೇ ಕತ್ತಿನಲ್ಲೂ ಹೋಗಿ ಹಿಡಿದಿದೆ."

ಅವನು ಈ ಸಲ ತನ್ನ ಬೆರಳಿನಿಂದಲೇ ಕತ್ತಿನ ಬುಡ ಒತ್ತಿ ನೋಡಿದ. ಹೊರಗಿನ ಬೆಂಚಿನ ಮೇಲೆ ಹೋಗಿ ಕೂತವನು ಏಳಲಿಲ್ಲ. ಅವನ ಹೆಂಡತಿ ಒಂದು ತೋಳು, ನಾನು ಒಂದು ತೋಳು ಹಿಡಿದೆವು. ಕಾಲು ನೋಯುತ್ತಿದೆಯಾ ಎಂದು ಅವಳು ಕೇಳಿದಳು. ಅವನು ಇಲ್ಲ ಎಂದು ತಲೆಯಾಡಿಸಿದ. ನಾವು ಮೂವರೂ ಅಲ್ಲೇ ಕೂತಿದ್ದೆವು, ಕಸ ಗುಡಿಸುವವಳು ಬಂದು ಕಾಲೆತ್ತಿ ಎನ್ನುವ ತನಕ.